ನಗುವಿನ ಬೆನ್ನಿಗೇ ಬರುವ ನಡುಕ

ಸೆಕೆ ತಾಳಲಾರದ ಒಂದು ಸಂಜೆ ಮಾಸ್ಕೋದ ಪೇಟ್ರಿಯಾರ್ಕ್ ಕೊಳದ ಪಕ್ಕದ ಬೆಂಚಿನ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬ ಬೆರ್ಲಿಯೊಜ್, ಲೇಖಕರ ಸಂಘದ ಅಧ್ಯಕ್ಷ. ಇನ್ನೊಬ್ಬ ಇವಾನ್, ಅವನ ಪತ್ರಿಕೆಗೆ ಪದ್ಯ ಬರೆದುಕೊಡುವ ಹುಡುಗ. ತಣ್ಣಗಿರುವುದೇನೂ ಸಿಗದೆ ಬೆಚ್ಚಗಾದ ಏಪ್ರಿಕಾಟ್ ಪಾನೀಯ ಕುಡಿದು ಇಬ್ಬರಿಗೂ ಬಿಕ್ಕಳಿಕೆ ಹತ್ತಿದೆ. ಯೇಸು ಎಂಬ ವ್ಯಕ್ತಿ ಇರಲೇ ಇಲ್ಲ ಎಂದು ಬೆರ್ಲಿಯೊಜ್ ಹುಡುಗನಿಗೆ ತಿಳಿಹೇಳುತ್ತಿರುವಾಗ ವಿದೇಶಿಯವನಂತೆ ಕಾಣುವ ಒಬ್ಬ ಅಪರಿಚಿತ ಮಾತಿಗೆ ಸೇರಿಕೊಳ್ಳುತ್ತಾನೆ. ನಿಮ್ಮ ತಲೆ ಕತ್ತರಿಸಿಹೋಗಲಿದೆ, ಇವತ್ತು ರಾತ್ರಿಯ ನಿಮ್ಮ ಸಭೆ ನಡೆಯುವುದಿಲ್ಲ ಎಂದು ಅವನು ಬಹಳ ವಿನಯದಿಂದ ತಿಳಿಸುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ಇನ್ನೂ ವಿಚಿತ್ರ: ಅನ್ನುಷ್ಕಾ ಎಂಬ ಹೆಂಗಸು ಸೂರ್ಯಕಾಂತಿ ಎಣ್ಣೆ ಕೊಂಡು, ಅದನ್ನು ಚೆಲ್ಲಿಯೂ ಆಗಿದೆಯಂತೆ. ಹುಚ್ಚನ ಮಾತು ಕೇಳಿದವರಂತೆ ಓದುಗರು ನಗುತ್ತಾರೆ. ಕೆಲವೇ ಪುಟ ಕಳೆಯುವಷ್ಟರಲ್ಲಿ ಬೆರ್ಲಿಯೊಜ್ ಈ ವಿದೇಶಿಯ ಮೇಲೆ ದೂರು ಕೊಡಲು ಟೆಲಿಫೋನಿನತ್ತ ಓಡುತ್ತಾನೆ, ಟ್ರಾಮ್ ಹಳಿಯ ಬಳಿ ಕಾಲು ಜಾರುತ್ತದೆ, ಕಲ್ಲುಹಾಸಿನ ಮೇಲೆ ದುಂಡಗಿನದೊಂದು ಉರುಳಿ ಹೋಗುತ್ತದೆ. ಎಣ್ಣೆಯ ಮಾತು ಆಗ ನೆನಪಿಗೆ ಬರುತ್ತದೆ. ಅಡುಗೆಮನೆಯ ಒಂದು ಸಾಮಾನು ಸಾವಿನ ಸಾಧನವಾಗಿ ಆಗಲೇ ನಮ್ಮ ಕಣ್ಣೆದುರಿಗಿತ್ತು, ನಾವು ಅದನ್ನು ನೋಡಿ ನಕ್ಕಿದ್ದೆವು.

ಮಿಖಾಯಿಲ್ ಬುಲ್ಗಾಕೊವ್‌ನ ‘ಮಾಸ್ಟರ್ ಮತ್ತು ಮಾರ್ಗರೀಟ’ ಕಾದಂಬರಿಯ ಉದ್ದಕ್ಕೂ ಹೀಗೆಯೇ. ಸೈತಾನ ತನ್ನ ಪರಿವಾರದೊಂದಿಗೆ ಸೋವಿಯತ್ ಮಾಸ್ಕೋಗೆ ಬಂದಿಳಿಯುತ್ತಾನೆ. ಆ ಪರಿವಾರದಲ್ಲಿ ಎರಡು ಕಾಲಿನ ಮೇಲೆ ನಡೆದು, ಟ್ರಾಮಿನಲ್ಲಿ ಟಿಕೆಟ್ ಕೊಳ್ಳಲು ಹಣ ಚಾಚುವ ಹಂದಿಗಾತ್ರದ ಕರಿಬೆಕ್ಕು ಇದೆ, ಒಡೆದ ಕನ್ನಡಕದ ವಾಚಾಳಿ ಇದ್ದಾನೆ, ಕೋರೆಹಲ್ಲಿನ ಕೊಲೆಗಾರನಿದ್ದಾನೆ, ರಕ್ತ ಹೀರುವ ಹೆಣ್ಣಿದ್ದಾಳೆ. ಭಯಾನಕವನ್ನೂ ಹಾಸ್ಯವನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ ಇಂಥ ಕರಾಳ ಅದ್ಭುತ ಕಥನ ನಮಗೆ ಏಕೆ ಇಷ್ಟೊಂದು ಹಿಡಿಸುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಭಯ ಅತಿಯಾದರೆ ಓದಲಾಗುವುದಿಲ್ಲ, ಆದ್ದರಿಂದ ನಡುನಡುವೆ ನಗಿಸಿ ಉಸಿರಾಡಲು ಬಿಡುತ್ತಾರೆ. ನಮ್ಮ ಕಂಪನಿ ನಾಟಕಗಳಲ್ಲಿ ಕಣ್ಣೀರಿನ ದೃಶ್ಯದ ಬೆನ್ನಿಗೆ ಹಾಸ್ಯದ ದೃಶ್ಯ ಇಟ್ಟಂತೆ, ಕಹಿಗುಳಿಗೆಗೆ ಬೆಲ್ಲ ಸವರಿದಂತೆ. ಅನೇಕ ಕೃತಿಗಳ ಮಟ್ಟಿಗೆ ಈ ವಿವರಣೆ ನಿಜವೇ ಇರಬಹುದು. ಈ ಕಾದಂಬರಿಯ ಮಟ್ಟಿಗೆ ಅದು ಪೂರ್ತಿ ತಪ್ಪು ಎಂದು ನನಗೆ ತೋರುತ್ತದೆ. ಇಲ್ಲಿ ನಗು ಭಯವನ್ನು ತಗ್ಗಿಸುವುದಿಲ್ಲ. ಬೇರೆ ಯಾವ ಬಗೆಯಲ್ಲೂ ಹೇಳಲು ಬಾರದ ಭಯವನ್ನು ಹೇಳುವ ಭಾಷೆಯಾಗಿ ಬಂದಿದೆ. ನಾವು ಅನುಭವಿಸುವ ಸುಖವೂ ಎರಡರ ಸರದಿಯಿಂದ ಹುಟ್ಟಿದ್ದಲ್ಲ. ನಕ್ಕದ್ದು ಯಾವುದಕ್ಕೆ ಎಂದು ತಡವಾಗಿ ಅರಿವಾಗುವ ಗಳಿಗೆಯಲ್ಲಿ ಅದು ಹುಟ್ಟುತ್ತದೆ.

ಇದಕ್ಕೆ ಅತ್ಯುತ್ತಮ ಸಾಕ್ಷಿ ಏಳನೇ ಅಧ್ಯಾಯದ ಮೊದಲ ಪುಟಗಳು. ಸಾದೊವಾಯಾ ಬೀದಿಯ ಐವತ್ತನೇ ನಂಬರಿನ ಮನೆಯ ಇತಿಹಾಸವನ್ನು ನಿರೂಪಕ ಅಲ್ಲಿ ಹೇಳುತ್ತಾನೆ. ಆಭರಣ ವ್ಯಾಪಾರಿಯೊಬ್ಬನ ವಿಧವೆ ಅನ್ನಾ ಫ್ರಾಂಟ್ಸೆವ್ನಾ ಆ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದಳು. ಎರಡು ವರ್ಷದ ಹಿಂದೆ ಒಂದು ರಜೆಯ ದಿನ ಬಿಳಿ ಕೈಗವಸು ತೊಟ್ಟ, ಬಹು ಸಭ್ಯ ಪೊಲೀಸಿನವನೊಬ್ಬ ಬಂದು ಬಾಡಿಗೆದಾರನೊಬ್ಬನನ್ನು ಕರೆದ. ಠಾಣೆಯಲ್ಲಿ ಒಂದು ಸಹಿ ಹಾಕಬೇಕು, ಒಂದು ನಿಮಿಷದ ಕೆಲಸ. ಯಾರಾದರೂ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಬರುತ್ತೇನೆಂದು ಹೇಳು ಎಂದು ಕೆಲಸದವಳಾದ ಅನ್ಫೀಸಾಗೆ ತಿಳಿಸಿ ಅವನು ಹೊರಟ. ಹತ್ತು ನಿಮಿಷಕ್ಕೂ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ನಿರೂಪಕನಿಗೆ ಎಲ್ಲಕ್ಕಿಂತ ಆಶ್ಚರ್ಯವಾದದ್ದು ಆ ಪೊಲೀಸಿನವನೂ ಕಾಣೆಯಾದದ್ದು! ಎರಡು ದಿನ ಬಿಟ್ಟು ಬೆಲೊಮುತ್ ಎಂಬ ಇನ್ನೊಬ್ಬ ಬಾಡಿಗೆದಾರನನ್ನು ಕೆಲಸಕ್ಕೆ ಕರೆದೊಯ್ಯಲು ಎಂದಿನಂತೆ ಕಾರು ಬಂತು. ಕರೆದೊಯ್ಯಿತು, ಯಾರನ್ನೂ ವಾಪಸು ತರಲಿಲ್ಲ, ತಾನೂ ವಾಪಸು ಬರಲಿಲ್ಲ. ದೇವರ ಭಯವೂ ಮೂಢನಂಬಿಕೆಯೂ ಇದ್ದ ಅನ್ಫೀಸಾ ಇದು ಮಾಟವೇ ಸರಿ ಎಂದಳು. ಬಾಡಿಗೆದಾರನನ್ನೂ ಪೊಲೀಸಿನವನನ್ನೂ ಎಳೆದೊಯ್ದದ್ದು ಯಾರೆಂದು ತನಗೆ ಚೆನ್ನಾಗಿ ಗೊತ್ತು, ರಾತ್ರಿ ಹೊತ್ತು ಮಾತ್ರ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂದೂ ಸೇರಿಸಿದಳು. ಹೊತ್ತು ಮುಳುಗಿದ ಮೇಲೆ ಹಾವನ್ನು ಹಾವೆನ್ನದೆ ಹುಳ ಎಂದೋ ಹಗ್ಗ ಎಂದೋ ಕರೆಯುವ ಮನೆಗಳಲ್ಲಿ ಬೆಳೆದ ಕನ್ನಡದ ಓದುಗರಿಗೆ ಅನ್ಫೀಸಾಳ ಈ ಮೌನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಅವಳೊಬ್ಬಳೇ ಉಳಿದ ರಾತ್ರಿ ಆ ಮನೆಯಿಂದ ಬೆಳತನಕ ಏನೋ ಬಡಿಯುವ ಸದ್ದು ಕೇಳಿಸಿತು, ಕಿಟಕಿಗಳಲ್ಲಿ ದೀಪ ಉರಿಯುತ್ತಲೇ ಇತ್ತು. ಬೆಳಗಾದಾಗ ಅನ್ಫೀಸಾಳೂ ಇರಲಿಲ್ಲ.

ಇಷ್ಟೆಲ್ಲ ನಡೆದಾಗ ಸೈತಾನ ಇನ್ನೂ ಮಾಸ್ಕೋಗೆ ಕಾಲಿಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ನಡೆದದ್ದೆಲ್ಲ ಅವನು ಬರುವ ಮೊದಲಿನ ಎರಡು ವರ್ಷಗಳಲ್ಲಿ. ಕಾದಂಬರಿಯ ಅತ್ಯಂತ ಭೀಕರ ಮಾಟ ಮಾಡಿದ್ದು ಅವನಲ್ಲ. ಆದರೆ ಮಾಡಿದವರು ಯಾರೆಂದು ಪುಸ್ತಕ ಎಲ್ಲಿಯೂ ಹೇಳುವುದಿಲ್ಲ. ಹೇಳುವಂತಿರಲಿಲ್ಲ. ಬುಲ್ಗಾಕೊವ್ ಈ ಕಾದಂಬರಿಯನ್ನು 1928ರಲ್ಲಿ ಬರೆಯತೊಡಗಿದ. ಮರುವರ್ಷವೇ ಅವನ ನಾಟಕಗಳೆಲ್ಲ ರಂಗದಿಂದ ಇಳಿದವು. 1930ರ ಮಾರ್ಚ್‌ನಲ್ಲಿ ಸರಕಾರಕ್ಕೆ ಬರೆದ ಪತ್ರದಲ್ಲಿ, ಸೈತಾನನ ಕುರಿತ ಕಾದಂಬರಿಯೊಂದರ ಕರಡನ್ನು ತನ್ನ ಕೈಯಾರೆ ಒಲೆಗೆ ಹಾಕಿದ್ದೇನೆ ಎಂದು ಅವನು ತಿಳಿಸಿದ. ಏಪ್ರಿಲ್ 18ರಂದು ಸ್ಟಾಲಿನ್ ಸ್ವತಃ ಫೋನ್ ಮಾಡಿದ, ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಕೆಲಸ ಸಿಕ್ಕಿತು. ಬರೆದದ್ದು ಅಚ್ಚಾಗುವ ಭರವಸೆ ಮಾತ್ರ ಸಿಗಲಿಲ್ಲ. ಅವನು ಮತ್ತೆ ಮೊದಲಿನಿಂದ ಬರೆಯಲು ಕೂತ. ಪುಸ್ತಕ ಬೆಳೆಯುತ್ತಿದ್ದ 1937–38ರ ಎರಡೇ ವರ್ಷಗಳಲ್ಲಿ, ಆ ಸರಕಾರದ ದಾಖಲೆಗಳ ಲೆಕ್ಕದಲ್ಲೇ, 6,80,000ಕ್ಕಿಂತ ಹೆಚ್ಚು ಜನರಿಗೆ ಮರಣದಂಡನೆಯಾಯಿತು. ರಾತ್ರಿ ಮೆಟ್ಟಿಲ ಮೇಲೆ ಬೂಟಿನ ಸದ್ದು, ಬಾಗಿಲಿಗೆ ಹಚ್ಚಿದ ಅರಗಿನ ಮುದ್ರೆ, ನೆರೆಯವರ ಮೌನ: ಇದು ಆ ನಗರದ ದಿನಚರಿಯಾಗಿತ್ತು. ಆ ದಿನಚರಿಯನ್ನು ನೇರವಾಗಿ, ಗಂಭೀರವಾಗಿ ಬರೆದಿದ್ದರೆ ಅದೊಂದು ಆರೋಪಪಟ್ಟಿಯಾಗುತ್ತಿತ್ತು. ಪೊಲೀಸಿನವನೂ ಕಾಣೆಯಾದನಲ್ಲ ಎಂದು ಬೆರಗಾಗುವ ಪೆದ್ದ ನಿರೂಪಕನನ್ನು ಸೃಷ್ಟಿಸಿ ಬುಲ್ಗಾಕೊವ್ ಆರೋಪಪಟ್ಟಿಗೂ ಸಿಗದ ಒಂದು ಸತ್ಯವನ್ನು ಹಿಡಿದ. ಹೆದರಿದ ಊರು ತನ್ನ ಹೆದರಿಕೆಯನ್ನು ಹೀಗೆಯೇ ಮಾತಾಡುತ್ತದೆ. ಎಲ್ಲವನ್ನೂ ಕಂಡಿರುತ್ತದೆ, ಏನನ್ನೂ ಕಾಣದವರಂತೆ ಹೇಳುತ್ತದೆ. ನಮ್ಮನ್ನು ನಗಿಸುವುದೂ ನಡುಗಿಸುವುದೂ ಆ ಒಂದೇ ಧಾಟಿ.

ವೆರೈಟಿ ರಂಗಮಂದಿರದ ಪ್ರಸಂಗ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವೋಲಂಡ್ ಎಂಬ ಹೆಸರಿನಲ್ಲಿ ಸೈತಾನ ಅಲ್ಲಿ ಇಂದ್ರಜಾಲದ ಪ್ರದರ್ಶನ ಕೊಡುತ್ತಾನೆ. ಕಾರ್ಯಕ್ರಮ ನಿರೂಪಿಸುವ ಬೆಂಗಾಲ್ಸ್ಕಿ ಹಳಸಲು ಜೋಕು ಹೇಳುತ್ತ, ಮಾತುಮಾತಿಗೆ ಅಡ್ಡ ಬರುತ್ತ ಜನರಿಗೆ ಬೇಸರ ಹಿಡಿಸಿದ್ದಾನೆ. ಓದುಗರಿಗೂ ಅಷ್ಟೇ. ಇವನನ್ನು ಏನು ಮಾಡೋಣ ಎಂದು ವೇದಿಕೆಯಿಂದ ಪ್ರಶ್ನೆ ಬಂದಾಗ ಮೇಲಿನ ಗ್ಯಾಲರಿಯಿಂದ ಯಾರೋ ತಲೆ ಕೀಳಿ ಎಂದು ಕೂಗುತ್ತಾರೆ. ಅಂಥ ಕೂಗು ಎಲ್ಲ ಊರಿನ ಎಲ್ಲ ಸಭೆಗಳಲ್ಲೂ ಕೇಳಿಬರುತ್ತದೆ, ಯಾರೂ ಅದನ್ನು ನಿಜಕ್ಕೆ ಹಿಡಿಯುವುದಿಲ್ಲ. ಬೆಕ್ಕು ಹಿಡಿಯುತ್ತದೆ. ಎದೆಗೆ ಹಾರಿ, ಎರಡು ಸಲ ತಿರುಚಿ, ತಲೆಯನ್ನು ಕಿತ್ತೇಬಿಡುತ್ತದೆ. ರಕ್ತ ಚಿಮ್ಮುತ್ತದೆ, ಎರಡೂವರೆ ಸಾವಿರ ಜನ ಒಂದೇ ಕೊರಳಲ್ಲಿ ಚೀರುತ್ತಾರೆ, ಕಿತ್ತ ತಲೆ ವೈದ್ಯರನ್ನು ಕರೆಯಿರಿ ಎಂದು ಗೋಗರೆಯುತ್ತದೆ. ಇನ್ನು ಅಸಂಬದ್ಧ ಮಾತಾಡುತ್ತೀಯಾ ಎಂದು ಕೇಳಿದರೆ ಇಲ್ಲ ಎಂದು ಅಳುತ್ತದೆ. ಅವನನ್ನು ಹಿಂಸಿಸಬೇಡಿ ಎಂದು ಬಾಕ್ಸಿನಲ್ಲಿ ಕೂತ ಹೆಂಗಸೊಬ್ಬಳು ಬೇಡಿಕೊಳ್ಳುತ್ತಾಳೆ. ಆಗ ಸೈತಾನ ಈ ಜನರನ್ನು ತೂಗಿ ನೋಡಿದವನಂತೆ ಮಾತಾಡುತ್ತಾನೆ: ಇವರು ಎಲ್ಲ ಕಾಲದ ಮನುಷ್ಯರಂತೆಯೇ ಇದ್ದಾರೆ, ದುಡ್ಡಿನ ಆಸೆ ಉಂಟು, ಕರುಣೆಯೂ ಆಗಾಗ ಇವರ ಎದೆಯ ಬಾಗಿಲು ತಟ್ಟುತ್ತದೆ. ತಲೆ ಸ್ವಸ್ಥಾನಕ್ಕೆ ಸೇರುತ್ತದೆ, ಕುತ್ತಿಗೆಯಲ್ಲಿ ಗಾಯದ ಗುರುತೂ ಇಲ್ಲ. ಆದರೆ ಪುಸ್ತಕ ಬೆಂಗಾಲ್ಸ್ಕಿಯನ್ನು ಮರೆಯುವುದಿಲ್ಲ. ಎಷ್ಟೋ ಅಧ್ಯಾಯಗಳ ನಂತರ ಉಪಸಂಹಾರದಲ್ಲಿ ಅವನು ಮತ್ತೆ ಕಾಣಿಸಿಕೊಳ್ಳುತ್ತಾನೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ನಗಿಸುವ ವೃತ್ತಿ ಬಿಟ್ಟಿದ್ದಾನೆ. ಪ್ರತಿ ವಸಂತದ ಹುಣ್ಣಿಮೆಯಲ್ಲಿ ಥಟ್ಟನೆ ಕುತ್ತಿಗೆ ಮುಟ್ಟಿಕೊಂಡು, ಗಾಬರಿಯಿಂದ ಸುತ್ತ ನೋಡಿ ಅಳುತ್ತಾನೆ. ಹಾಸ್ಯವನ್ನು ಬರೀ ಉಸಿರಾಟದ ಬಿಡುವಾಗಿ ಬಳಸುವ ಲೇಖಕನಿಗೆ ಈ ನಾಲ್ಕು ಸಾಲು ಬೇಕಾಗಿಯೇ ಇರಲಿಲ್ಲ. ತಲೆ ಅಂಟಿಸಿದರೆ ಅವನ ಕೆಲಸ ಮುಗಿಯಿತು. ತಲೆ ಕೀಳಿ ಎಂದವರ ಗುಂಪಿನಲ್ಲಿ, ಅವನು ತೊಲಗಿದರೆ ಸಾಕೆಂದು ಮನಸ್ಸಿನಲ್ಲೇ ಬಯಸಿದ ನಾವೂ ಇದ್ದೆವು ಎಂದು ನೆನಪಿಸುವುದಕ್ಕೆ ಬುಲ್ಗಾಕೊವ್ ಆ ಸಾಲುಗಳನ್ನು ಬರೆದ.

ನಮ್ಮ ಕಾವ್ಯಮೀಮಾಂಸೆ ಬಲ್ಲವರು ಇಲ್ಲಿ ಒಂದು ತೂಕದ ಆಕ್ಷೇಪ ಎತ್ತಬಹುದು. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ರಸಗಳ ಪರಸ್ಪರ ವಿರೋಧವನ್ನು ಹೇಳುವಾಗ ಹಾಸ್ಯಕ್ಕೆ ಭಯಾನಕ ಮತ್ತು ಕರುಣಗಳನ್ನು ವಿರೋಧಿಗಳೆಂದು ಎಣಿಸಿದ್ದಾನೆ. ಒಂದು ಬಂದರೆ ಇನ್ನೊಂದು ನಿಲ್ಲದು, ಬಲವಂತವಾಗಿ ಕೂಡಿಸಿದರೆ ಎರಡೂ ಕೆಟ್ಟು ರಸಭಂಗವಾಗುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ದೆವ್ವದ ಸಿನಿಮಾ ಹೆಸರಿನಲ್ಲಿ ಹೆದರಿಸಲೂ ಆಗದ, ನಗಿಸಲೂ ಆಗದ ಸರಕು ಎಷ್ಟು ಬರುತ್ತದೆಂದು ಎಲ್ಲರಿಗೂ ಗೊತ್ತು. ವಿಶ್ವನಾಥನಿಗಿಂತ ಐದು ಶತಮಾನ ಹಿಂದಿನ ಆನಂದವರ್ಧನ ಇದಕ್ಕೊಂದು ದಾರಿ ತೋರಿಸಿದ್ದ. ಎರಡು ವಿರೋಧಿ ರಸಗಳಿಗೆ ಆಶ್ರಯ ಬೇರೆ ಬೇರೆಯಾದರೆ ದೋಷವಿಲ್ಲ ಎಂದು ಅವನ ‘ಧ್ವನ್ಯಾಲೋಕ’ ಹೇಳುತ್ತದೆ. ಹೆದರಿದವನು ಪಾತ್ರ, ನಗುವವನು ಓದುಗ ಎಂದು ಹಂಚಿಕೊಟ್ಟರೆ ಬುಲ್ಗಾಕೊವ್ ಅರ್ಧ ಪಾಲು ಈ ಸೂತ್ರದೊಳಗೇ ಇದ್ದಾನೆ. ಉಳಿದರ್ಧದಲ್ಲಿ ಅವನು ಇದನ್ನು ದಾಟುತ್ತಾನೆ. ಪಾತ್ರದಲ್ಲಿದ್ದ ಭಯವನ್ನು ಕೊಂಚ ತಡಮಾಡಿ ನಕ್ಕವನಿಗೇ ಒಪ್ಪಿಸುತ್ತಾನೆ, ಆಗ ಎರಡು ರಸಕ್ಕೂ ಆಶ್ರಯ ಒಂದೇ ಆಗುತ್ತದೆ. ನಮ್ಮಲ್ಲಿಯೂ ಈ ದಾಟುವಿಕೆಗೆ ಹಳೆಯ ಉದಾಹರಣೆ ಇದೆ. ರನ್ನನ ‘ಗದಾಯುದ್ಧ’ದಲ್ಲಿ ಹೆಣಗಳ ರಾಶಿಯ ನಡುವೆ ನಡೆಯುವ ದುರ್ಯೋಧನನನ್ನು ರಣಭೂಮಿಯ ಮರುಳು ತಡೆದು ಹೀಯಾಳಿಸುತ್ತದೆ. ಮರುಳು ಎಂದರೆ ಪಿಶಾಚಿ, ಮರುಳು ಎಂದರೆ ಬುದ್ಧಿಗೇಡಿ. ನಮ್ಮಿಬ್ಬರಲ್ಲಿ ಮರುಳು ಯಾರು ಎಂಬ ಶ್ಲೇಷೆ ನಗಿಸುತ್ತದೆ. ನಕ್ಕ ಮರುಕ್ಷಣ ಆ ರಾಜ ಕಳೆದುಕೊಂಡದ್ದೆಲ್ಲ ಕಣ್ಣಿಗೆ ಕಟ್ಟುತ್ತದೆ. ಹತ್ತನೆಯ ಶತಮಾನದ ಕನ್ನಡ ಕವಿಗೆ ಹೊಳೆದದ್ದು ಲಕ್ಷಣಕಾರರ ಪಟ್ಟಿಗಿಂತ ದೊಡ್ಡದಾಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನೈತಿಕವಾದದ್ದು. ಲಕ್ಷಾಂತರ ಜನರನ್ನು ನುಂಗಿದ ಕ್ರೌರ್ಯದ ಬಗ್ಗೆ ನಗುವುದು ಸತ್ತವರಿಗೆ ಮಾಡುವ ಅವಮಾನವಲ್ಲವೇ? ದುಃಖವನ್ನು ಕಂಡವರು ಕೇಳುವ ಪ್ರಶ್ನೆ ಇದು, ಗೌರವದಿಂದಲೇ ಉತ್ತರಿಸಬೇಕು. ಐವತ್ತನೇ ನಂಬರಿನ ಪುಟಗಳಲ್ಲಿ ನಾವು ನಗುವುದು ಕಾಣೆಯಾದವರನ್ನು ನೋಡಿ ಅಲ್ಲ. ಒಂದು ಸಹಿ, ಒಂದು ನಿಮಿಷ, ಹತ್ತು ನಿಮಿಷ ಎಂಬ ನಯವಾದ ಮಾತುಗಳ ಟೊಳ್ಳು ಬಯಲಾದದ್ದಕ್ಕೆ ನಗುತ್ತೇವೆ. ಆ ಟೊಳ್ಳು ಮಾತೇ ಆ ಕ್ರೌರ್ಯದ ಸಲಕರಣೆಯಾಗಿತ್ತು. ಸೋವಿಯತ್ ದಂಡಸಂಹಿತೆಯ 58ನೇ ವಿಧಿಯ 10ನೇ ಉಪವಿಧಿಯ ಕೆಳಗೆ ಬರೀ ಒಂದು ಜೋಕು ಹೇಳಿದ್ದಕ್ಕೆ ಜನ ಶಿಬಿರಗಳಿಗೆ ಹೋದರು. ತನ್ನ ಭಾಷೆಗೆ ನಗು ತಗಲಿದರೆ ತಾನು ಉಳಿಯಲಾರೆ ಎಂದು ಆ ವ್ಯವಸ್ಥೆಗೇ ತಿಳಿದಿತ್ತು. ಕಾದಂಬರಿಯ ಇನ್ನೊಂದು ಕಡೆ ಪ್ರೊಖೋರ್ ಪೆಟ್ರೊವಿಚ್ ಎಂಬ ಅಧಿಕಾರಿಯ ದೇಹ ಮಾಯವಾಗಿ, ಖಾಲಿ ಸೂಟು ಮಾತ್ರ ಕುರ್ಚಿಯಲ್ಲಿ ಕೂತು ಕಡತಗಳಿಗೆ ಷರಾ ಬರೆಯುತ್ತದೆ. ಅವನು ಮರಳಿ ಬಂದ ಮೇಲೆ ಸೂಟು ಬರೆದ ಷರಾಗಳಲ್ಲಿ ಒಂದನ್ನೂ ತಿದ್ದದೆ ಒಪ್ಪಿಕೊಳ್ಳುತ್ತಾನೆ. ಇಲ್ಲಿ ನಗದಿರುವುದು ಸಾಧ್ಯವಿಲ್ಲ. ಮನುಷ್ಯನೇ ಬೇಕಿಲ್ಲದೆ ನಡೆಯುವ ಕಚೇರಿ ಯಾವ ಯಾವ ಕಾಗದಕ್ಕೆ ಸಹಿ ಮಾಡಬಲ್ಲದು ಎಂದು ಯೋಚಿಸಿದರೆ ಬೆನ್ನುಹುರಿಯಲ್ಲಿ ಚಳಿ ಹರಿಯದಿರುವುದೂ ಸಾಧ್ಯವಿಲ್ಲ.

ಹಾಗಿದ್ದರೆ ಸೈತಾನ, ಬೆಕ್ಕು, ರಕ್ತ ಹೀರುವ ಹೆಣ್ಣು ಎಲ್ಲ ಬರೀ ಮುಸುಕು, ಒಳಗಿರುವುದು ರಾಜಕೀಯ ವಿಡಂಬನೆ, ಮುಸುಕು ತೆಗೆದು ಓದಿದರೆ ಸಾಕು ಎನ್ನುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಮುಸುಕು ತೆಗೆದರೆ ಕಾದಂಬರಿಯೇ ಉಳಿಯುವುದಿಲ್ಲ. ರಂಗಮಂದಿರದ ಲೆಕ್ಕಪತ್ರ ನೋಡುವ ರಿಮ್ಸ್ಕಿ ಮಧ್ಯರಾತ್ರಿ ಒಬ್ಬನೇ ಕಚೇರಿಯಲ್ಲಿ ಕೂತಿರುವಾಗ ಎದುರಿಗೆ ಬಂದು ಕೂತ ಸಹೋದ್ಯೋಗಿ ವರೆನೂಖಾಗೆ ನೆರಳಿಲ್ಲ ಎಂದು ಗಮನಿಸುವ ದೃಶ್ಯವಿದೆ. ಕಿಟಕಿಯ ಹೊರಗಿಂದ ಹೆಣದ ಕಲೆಗಳಿರುವ ಒಂದು ಹಸಿರು ತೋಳು ರಬ್ಬರಿನಂತೆ ಉದ್ದವಾಗುತ್ತ ಚಿಲಕದತ್ತ ಚಾಚುತ್ತದೆ. ಆ ಹೊತ್ತಿಗೆ ಕೋಳಿ ಕೂಗದಿದ್ದರೆ ರಿಮ್ಸ್ಕಿ ಉಳಿಯುತ್ತಿರಲಿಲ್ಲ. ಅಲ್ಲಿ ಯಾವ ವಿಡಂಬನೆಯೂ ಇಲ್ಲ, ಅಪ್ಪಟ ಭಯ. ಅದನ್ನು ನಂಬಿ ಹೆದರಿದವನಿಗೆ ಮಾತ್ರ ಮುಂದಿನ ನಗುವಿನ ಅರ್ಥ ತಿಳಿಯುತ್ತದೆ. ಕೂದಲು ನೆರೆತ ರಿಮ್ಸ್ಕಿ ಲೆನಿನ್‌ಗ್ರಾಡಿಗೆ ಓಡಿಹೋಗಿ ಹೋಟೆಲಿನ ಬಟ್ಟೆಬೀರುವಿನೊಳಗೆ ಅಡಗುತ್ತಾನೆ. ಪತ್ತೆಯಾದ ಮೇಲೆ ಅವನು ತನಿಖೆಯವರ ಹತ್ತಿರ ಕೇಳಿಕೊಳ್ಳುವುದು ಉಕ್ಕಿನ ಗೋಡೆಯ ಕೋಣೆಯಲ್ಲಿ ತನ್ನನ್ನು ಕೂಡಿಹಾಕಿ ಎಂದು. ವರೆನೂಖಾ ಕೇಳುವುದೂ ಅದನ್ನೇ. ಬಂಧನದ ಹೆಸರು ಕೇಳಿದರೆ ಇಡೀ ನಗರ ನಡುಗುತ್ತಿದ್ದ ಕಾಲದಲ್ಲಿ ಬಂಧಿಸಿ ಎಂದು ಕೈಮುಗಿಯುವ ಜನ! ದೆವ್ವ ನಿಜವಾಗಿದ್ದರಿಂದಲೇ ಈ ತಲೆಕೆಳಗು ಸಾಧ್ಯವಾಯಿತು. ಅದ್ಭುತ ಇಲ್ಲಿ ಅಲಂಕಾರವಾಗಿ ಬಂದದ್ದಲ್ಲ, ಎರಡು ಭಯಗಳನ್ನು ಅಕ್ಕಪಕ್ಕ ಇಟ್ಟು ಯಾವುದು ದೊಡ್ಡದೆಂದು ಓದುಗರನ್ನೇ ಕೇಳುವ ತಕ್ಕಡಿಯಾಗಿ ಬಂದಿದೆ.

ಕಾದಂಬರಿಯೊಳಗೆ ಇನ್ನೊಂದು ಕಾದಂಬರಿ ಇದೆ, ಯೇಶುವಾನನ್ನು, ಅಂದರೆ ಯೇಸುವನ್ನು, ಮರಣಕ್ಕೆ ಒಪ್ಪಿಸಿದ ರೋಮನ್ ಅಧಿಕಾರಿ ಪಿಲಾತನ ಕಥೆ. ಆ ಅಧ್ಯಾಯಗಳಲ್ಲಿ ಬೆಕ್ಕಿಲ್ಲ, ಜೋಕಿಲ್ಲ, ನಗುವೇ ಇಲ್ಲ. ನಗು ಅಷ್ಟು ಅಗತ್ಯವಾಗಿದ್ದರೆ ಇಲ್ಲೇಕೆ ಬಿಟ್ಟ ಎಂದು ಕೇಳಬಹುದು. ಆ ಅಧ್ಯಾಯಗಳನ್ನು ಪಕ್ಕದಲ್ಲಿಟ್ಟು ಓದಿದಾಗಲೇ ನನ್ನ ವಾದ ಗಟ್ಟಿಯಾಗುತ್ತದೆ. ಯೇಶುವಾನನ್ನು ಹಿಡಿದುಕೊಟ್ಟ ಜೂದನನ್ನು ಈ ರಾತ್ರಿ ಯಾರೋ ಕೊಲ್ಲಲಿದ್ದಾರೆಂದು ಸುದ್ದಿ ಬಂದಿದೆ, ಅವನನ್ನು ಕಾಪಾಡು ಎಂದು ಪಿಲಾತ ತನ್ನ ಗುಪ್ತಚರರ ಮುಖ್ಯಸ್ಥ ಅಫ್ರಾನಿಯಸ್‌ಗೆ ಹೇಳುತ್ತಾನೆ. ಅಫ್ರಾನಿಯಸ್‌ಗೆ ಅರ್ಥವಾಗುತ್ತದೆ: ಇದು ಕೊಲ್ಲು ಎಂಬ ಆಜ್ಞೆ. ಜೂದ ಸಾಯುತ್ತಾನೆ, ಕಾಪಾಡಲಾಗಲಿಲ್ಲ ಎಂದು ಅಫ್ರಾನಿಯಸ್ ಬಂದು ಕ್ಷಮೆ ಕೇಳುತ್ತಾನೆ. ಒಂದು ಹೇಳಿ ಇನ್ನೊಂದನ್ನು ಮಾಡಿಸುವ ಈ ಮಾತಿಗೂ ಬಿಳಿ ಕೈಗವಸಿನ ಪೊಲೀಸಿನವನ ಒಂದು ನಿಮಿಷದ ಸಹಿಗೂ ವ್ಯತ್ಯಾಸವಿಲ್ಲ. ಮಾಸ್ಕೋದಲ್ಲಿ ಆ ಮಾತನ್ನು ಕೆಳಗಿನಿಂದ, ಅದಕ್ಕೆ ಬಲಿಯಾಗುವವರ ನೆರೆಮನೆಯಿಂದ ಕೇಳುತ್ತೇವೆ, ನಗುತ್ತೇವೆ. ಜೆರುಸಲೇಮಿನಲ್ಲಿ ಅದನ್ನು ಮೇಲಿನಿಂದ, ಆಡಿದವನ ಬಾಯಿಂದಲೇ ಕೇಳುತ್ತೇವೆ, ಅಲ್ಲಿ ನಗು ಬರುವುದಿಲ್ಲ. ಹೇಡಿತನವೇ ಎಲ್ಲಕ್ಕಿಂತ ದೊಡ್ಡ ಪಾಪ ಎಂಬ ಅರಿವು ಪಿಲಾತನನ್ನು ಸಾವಿರಾರು ಹುಣ್ಣಿಮೆಗಳ ಕಾಲ ನಿದ್ದೆಗೆಡಿಸುತ್ತದೆ. ನಗಲು ಎಲ್ಲಿ ಹಕ್ಕಿದೆ, ಎಲ್ಲಿ ಇಲ್ಲ ಎಂಬ ವಿವೇಕ ಬುಲ್ಗಾಕೊವ್‌ಗೆ ಇತ್ತು. ಆ ವಿವೇಕ ಇಲ್ಲದ ಬರಹಗಾರನ ಕೈಯಲ್ಲಿ ಭಯ–ಹಾಸ್ಯಗಳ ಮಿಶ್ರಣ ಬರೀ ಚೇಷ್ಟೆಯಾಗುತ್ತದೆ.

ಬುಲ್ಗಾಕೊವ್ 1940ರ ಮಾರ್ಚ್ 10ರಂದು ತೀರಿಕೊಂಡ. ಮೂತ್ರಪಿಂಡದ ಕಾಯಿಲೆಯಿಂದ ದೃಷ್ಟಿ ಹೋದ ಮೇಲೂ ಹೆಂಡತಿ ಎಲೇನಾಗೆ ಹೇಳಿ ಬರೆಸುತ್ತ ಈ ಪುಸ್ತಕವನ್ನು ತಿದ್ದುತ್ತಲೇ ಇದ್ದ. ಹಸ್ತಪ್ರತಿಯನ್ನು ಅವಳು ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಾಪಾಡಿಕೊಂಡಳು. 1966ರ ಕೊನೆ ಮತ್ತು 1967ರ ಆರಂಭದಲ್ಲಿ ‘ಮಾಸ್ಕ್ವಾ’ ಪತ್ರಿಕೆ ಅದನ್ನು ಎರಡು ಕಂತಿನಲ್ಲಿ ಅಚ್ಚುಮಾಡಿದಾಗ ಸೆನ್ಸಾರಿನ ಕತ್ತರಿಗೆ ಸಿಕ್ಕ ಭಾಗಗಳಲ್ಲಿ ನಿಕನೋರ್ ಇವಾನೊವಿಚ್ ಎಂಬ ಪಾತ್ರದ ಕನಸಿನ ಬಹುಭಾಗವೂ ಸೇರಿತ್ತು. ಗಡ್ಡ ಬೆಳೆದ ಗಂಡಸರೆಲ್ಲ ನೆಲದ ಮೇಲೆ ಕೂತ ಒಂದು ಚಿನ್ನದ ಬಣ್ಣದ ರಂಗಮಂದಿರ, ಬಚ್ಚಿಟ್ಟ ವಿದೇಶಿ ಹಣವನ್ನು ಒಪ್ಪಿಸಿರಿ ಎಂದು ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ನಯವಾಗಿ ಪುಸಲಾಯಿಸುವ ನಿರೂಪಕ, ಒಪ್ಪಿಸಿದವರಿಗೆ ಚಪ್ಪಾಳೆ, ಒಪ್ಪಿಸದವರಿಗೆ ಇನ್ನಷ್ಟು ದಿನ ಅದೇ ನೆಲ. 1930ರ ಸುಮಾರಿಗೆ ಗುಪ್ತ ಪೊಲೀಸರು ಚಿನ್ನ ಮತ್ತು ವಿದೇಶಿ ಹಣಕ್ಕಾಗಿ ಜನರನ್ನು ಕೂಡಿಹಾಕಿದ್ದನ್ನು ಬಲ್ಲವರಿಗೆ ಅದು ಕನಸೆನಿಸದು. ಕಾದಂಬರಿಯಲ್ಲಿ ಇದಕ್ಕಿಂತ ಹೆಚ್ಚು ನಗಿಸುವ ಪುಟಗಳು ಕಡಿಮೆ, ಹೆದರಿಸುವ ಪುಟಗಳೂ ಕಡಿಮೆ. ನಗು ಬರೀ ಬೆಲ್ಲವಾಗಿದ್ದರೆ ಆ ಪುಟಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಿರಾ ಗಿನ್ಸ್‌ಬರ್ಗ್ 1967ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಈ ಕತ್ತರಿಸಿದ ಪಠ್ಯವನ್ನು ಆಧರಿಸಿದ್ದು. ಇಂಗ್ಲಿಷಿನ ಮೂಲಕ ಈ ಕಾದಂಬರಿಗೆ ಹೋಗುವ ಕನ್ನಡದ ಓದುಗರು ದಯವಿಟ್ಟು ಪೂರ್ಣ ಪಠ್ಯದ ಅನುವಾದವನ್ನೇ ಹುಡುಕಿಕೊಳ್ಳಿ, ಆ ಕನಸಿರುವ ಹದಿನೈದನೇ ಅಧ್ಯಾಯ ಇಡಿಯಾಗಿ ಇದೆಯೇ ಎಂದು ನೋಡಿ ಕೊಳ್ಳಿ.